ಹೆಸರಿನ ಸಾಕ್ಷ್ಯ: ಶಾಸನ, ಕಾವ್ಯಗಳಲ್ಲಿ ವ್ಯಕ್ತಿನಾಮ ಮತ್ತು ಅಡ್ಡಹೆಸರು

ಶಾಸನಗಳನ್ನು ಆಧರಿಸಿ ಸಾಮಾಜಿಕ ಚರಿತ್ರೆಯನ್ನು ರಚಿಸುವವರಿಗೆ ವ್ಯಕ್ತಿನಾಮಗಳು ಅತ್ಯಂತ ಸುಲಭವಾಗಿ ದೊರೆಯುವ ಆಕರ. ದಾನ ಕೊಟ್ಟವರು, ಪಡೆದವರು, ಸಾಕ್ಷಿಯಾಗಿ ನಿಂತವರು, ಪಾಠವನ್ನು ರಚಿಸಿದವರು, ಕಲ್ಲಿನಲ್ಲಿ ಕಂಡರಿಸಿದವರು ಹೀಗೆ ಒಂದೇ ಶಾಸನದಲ್ಲಿ ಹತ್ತಾರು ಹೆಸರುಗಳು ಸಿಗಬಹುದು. ಇವುಗಳನ್ನು ಪಟ್ಟಿಮಾಡಿ, ಶಿವವಾಚಕವಾದುದನ್ನು ಶೈವರ ಲೆಕ್ಕಕ್ಕೂ ವಿಷ್ಣುವಾಚಕವಾದುದನ್ನು ವೈಷ್ಣವರ ಲೆಕ್ಕಕ್ಕೂ ಜಿನವಾಚಕವಾದುದನ್ನು ಜೈನರ ಲೆಕ್ಕಕ್ಕೂ ಸೇರಿಸುವ ಪ್ರವೃತ್ತಿ ಸಂಶೋಧನೆಯಲ್ಲಿ ಆಗಾಗ ತಲೆದೋರುತ್ತದೆ. ಈ ವಿಂಗಡಣೆ ಎಷ್ಟು ಭದ್ರವಾದುದು? ಧರ್ಮವು ಅನ್ಯ ಪ್ರಮಾಣಗಳಿಂದ ಖಚಿತವಾಗಿರುವ ಕುಟುಂಬಗಳ ಹೆಸರುಗಳನ್ನು ಪರಿಶೀಲಿಸಿದರೆ ಉತ್ತರ ದೊರೆಯುತ್ತದೆ.

ಮೊದಲಿಗೆ ಕವಿ ಜನ್ನನ ಮನೆತನ. 1209ರಲ್ಲಿ 'ಯಶೋಧರಚರಿತೆ'ಯನ್ನೂ 1230ರಲ್ಲಿ 'ಅನಂತನಾಥಪುರಾಣ'ವನ್ನೂ ರಚಿಸಿದ ಈತನ ಜಿನಭಕ್ತಿಯನ್ನು ಯಾರೂ ಶಂಕಿಸಲಾರರು. ಆದರೆ ಈತನ ತಂದೆಯ ಹೆಸರು ಶಂಕರ, ತಾಯಿಯ ಹೆಸರು ಗಂಗಾದೇವಿ. ಜನ್ನ ಎಂಬುದಾದರೋ ಜನಾರ್ದನ ಎಂಬುದರ ಹ್ರಸ್ವರೂಪ. ಈತನ ಸೋದರಳಿಯನಾದ ವೈಯಾಕರಣ ಕೇಶಿರಾಜನ ಹೆಸರೂ ವಿಷ್ಣುವಾಚಕ. ಕೇಶಿರಾಜನ ತಂದೆ, 'ಸೂಕ್ತಿಸುಧಾರ್ಣವ'ದ ಸಂಕಲನಕಾರ ಮಲ್ಲಿಕಾರ್ಜುನನ ಹೆಸರು ಶ್ರೀಶೈಲದ ಶಿವನದು. ಈ ಕುಟುಂಬದ ಕಾವ್ಯಗಳು ನಷ್ಟವಾಗಿ ಹೆಸರುಗಳು ಮಾತ್ರ ಒಂದು ಕಲ್ಲಿನ ಮೇಲೆ ಉಳಿದಿದ್ದರೆ ಜನ್ನನನ್ನು ಜೈನನೆಂದು ಯಾವ ಪಟ್ಟಿಯೂ ಗುರುತಿಸುತ್ತಿರಲಿಲ್ಲ.

ಎರಡನೆಯದು ಮಾರಸಿಂಗ ಎಂಬ ಹೆಸರು. ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ವ್ರತದಿಂದ ದೇಹವಿಟ್ಟ 10ನೆಯ ಶತಮಾನದ ಗಂಗರಾಜ ಮಾರಸಿಂಹನದು ಇದೇ ಹೆಸರು. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲದೇವಿಯ ತಂದೆ, ಪೆರ್ಗಡೆ ಮಾರಸಿಂಗಯ್ಯನದೂ ಇದೇ ಹೆಸರು. ಆದರೆ ಈತ ಪರಮ ಶೈವ. ಈತನ ಪತ್ನಿ ಮಾಚಿಕಬ್ಬೆ ಜಿನಭಕ್ತೆ. 1131ರಲ್ಲಿ ಶಿವಗಂಗೆಯಲ್ಲಿ ಶಾಂತಲೆ ತೀರಿಕೊಂಡ ಬಳಿಕ ಮಾಚಿಕಬ್ಬೆ ಶ್ರವಣಬೆಳಗೊಳಕ್ಕೆ ಬಂದು ಸಲ್ಲೇಖನವನ್ನು ಕೈಗೊಂಡಳೆಂದು ಅಲ್ಲಿಯ ಶಾಸನ ತಿಳಿಸುತ್ತದೆ. ಒಂದೇ ಹೆಸರಿನ ಇಬ್ಬರಿಗೆ ಎರಡು ಧರ್ಮ, ಒಂದೇ ಮನೆಯ ದಂಪತಿಗಳಿಗೂ ಎರಡು ಧರ್ಮ. ಹೆಸರು ಇದಾವುದನ್ನೂ ಬಿಟ್ಟುಕೊಡುವುದಿಲ್ಲ.

ವಿಷ್ಣುವರ್ಧನನ ಹೆಸರೇ ಇನ್ನೊಂದು ನಿದರ್ಶನ. ಜೈನನಾಗಿದ್ದ ಬಿಟ್ಟಿದೇವ ರಾಮಾನುಜಾಚಾರ್ಯರ ಪ್ರಭಾವದಿಂದ ಮತಾಂತರಗೊಂಡು ವಿಷ್ಣುವರ್ಧನನಾದನೆಂಬುದು ಜನಜನಿತ ಕಥನ. ಇಲ್ಲಿ ಹೆಸರಿನ ಬದಲಾವಣೆಯೇ ಮತದ ಬದಲಾವಣೆಗೆ ಪುರಾವೆಯೆಂಬಂತೆ ನಿಲ್ಲುತ್ತದೆ. ಆದರೆ ಬಿಟ್ಟಿ ಎಂಬುದು ವಿಷ್ಣು ಶಬ್ದದ ತದ್ಭವವೆಂದು ಭಾಷಾವಿದ್ವಾಂಸರು ಗುರುತಿಸಿದ್ದಾರೆ. ರತ್ನ ರನ್ನವಾಗುವಂತೆ, ಬ್ರಹ್ಮ ಬಮ್ಮನಾಗುವಂತೆ, ಯಕ್ಷಿ ಜಕ್ಕಿಯಾಗುವಂತೆ ವಿಷ್ಣು ಬಿಟ್ಟಿಯಾದ. ಆಗ ಇವು ಎರಡು ಹೆಸರುಗಳಲ್ಲ, ಒಂದೇ ಹೆಸರಿನ ದೇಸಿ ಮತ್ತು ಮಾರ್ಗ ರೂಪಗಳು. ಮತಾಂತರ ನಡೆಯಿತೇ ಇಲ್ಲವೇ ಎಂಬುದನ್ನು ಬೇರೆ ಆಧಾರಗಳಿಂದಲೇ ನಿರ್ಣಯಿಸಬೇಕು.

ಹಾಗಾದರೆ ಹೆಸರು ಏನನ್ನೂ ಹೇಳುವುದಿಲ್ಲವೇ? ಹೇಳುತ್ತದೆ, ಅದು ಹೇಳುವುದು ಸಂಬಂಧವನ್ನು. ಹಳೆಯ ಕನ್ನಡ ಹೆಸರುಗಳ ಉತ್ತರಪದವನ್ನು ಗಮನಿಸಿದರೆ ಇದು ಸ್ಪಷ್ಟ. ಅಯ್ಯ, ಅಪ್ಪ, ಅಣ್ಣ, ಅಕ್ಕ, ಅಬ್ಬೆ ಇವೆಲ್ಲವೂ ಬಂಧುವಾಚಕಗಳು. ಅಬ್ಬೆಯೆಂದರೆ ತಾಯಿ. ವ್ಯಕ್ತಿ ಯಾವ ದೇವರನ್ನು ಪೂಜಿಸುತ್ತಾನೆ ಎಂಬುದಕ್ಕಿಂತ ಸುತ್ತಲಿನವರು ಅವನನ್ನು ಹೇಗೆ ಕರೆಯುತ್ತಾರೆ ಎಂಬುದು ಈ ಹೆಸರುಗಳಲ್ಲಿ ನೆಲೆಯಾಗಿದೆ.

993ರಲ್ಲಿ 'ಅಜಿತಪುರಾಣ'ವನ್ನು ಮುಗಿಸಿದ ರನ್ನನ ಕುಟುಂಬ ಇದಕ್ಕೆ ಉತ್ತಮ ಉದಾಹರಣೆ. ಮುದುವೊಳಲಿನ ಬಳೆಗಾರ ಮನೆತನದ ಈತನ ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಸೋದರರು ದೃಢಬಾಹು, ರೇಚಣ, ಮಾರಯ್ಯ. ಪತ್ನಿಯರು ಜಕ್ಕಿ ಮತ್ತು ಶಾಂತಿ. ಜಿನವಾಚಕ, ಸಂಸ್ಕೃತ, ತದ್ಭವ, ಅಚ್ಚಗನ್ನಡ ಎಲ್ಲವೂ ಒಂದೇ ಸೂರಿನಡಿ ಇವೆ. ರನ್ನ ತನ್ನ ಮಗನಿಗೆ ರಾಯ ಎಂದೂ ಮಗಳಿಗೆ ಅತ್ತಿಮಬ್ಬೆ ಎಂದೂ ಹೆಸರಿಟ್ಟ. ಮೊದಲನೆಯದು ಚಾವುಂಡರಾಯನ ನೆನಪು, ಎರಡನೆಯದು ದಾನಚಿಂತಾಮಣಿ ಅತ್ತಿಮಬ್ಬೆಯ ನೆನಪು. ಕವಿಗೆ ಆಶ್ರಯವಿತ್ತವರ ಋಣ ಮಕ್ಕಳ ಹೆಸರಾಗಿ ಮನೆಯಲ್ಲಿ ಉಳಿಯಿತು. ದಂಡನಾಯಕ ಗಂಗರಾಜನ ವಂಶದಲ್ಲಿ ಸಂಬಂಧದ ಇನ್ನೊಂದು ಬಗೆಯನ್ನು ಕಾಣಬಹುದು. ಆತನ ತಂದೆಯ ಹೆಸರು ಏಚ. ಅಣ್ಣ ಬಮ್ಮನ ಮಗನ ಹೆಸರೂ ಏಚ. ಅಜ್ಜನ ಹೆಸರು ಮೊಮ್ಮಗನಿಗೆ ಇಳಿದುಬರುವ ವಾಡಿಕೆ ಇಂದಿಗೂ ಕನ್ನಡನಾಡಿನ ಮನೆಗಳಲ್ಲಿ ಜೀವಂತವಾಗಿದೆ.

ಹೆಸರು ಧರ್ಮವನ್ನು ನೇರವಾಗಿ ಸೂಚಿಸುವ ಸಂದರ್ಭವೊಂದುಂಟು, ಅದು ದೀಕ್ಷೆ. ಮುನಿಯಾಗುವವನು ಹುಟ್ಟುಹೆಸರನ್ನು ತ್ಯಜಿಸಿ ಗುರು ಕೊಟ್ಟ ಹೆಸರನ್ನು ಸ್ವೀಕರಿಸುತ್ತಾನೆ. ನಂದಿ, ಕೀರ್ತಿ, ಚಂದ್ರ, ಸೇನ ಮೊದಲಾದ ಅಂತ್ಯಪದಗಳು ಜೈನ ಗುರುಪರಂಪರೆಗಳ ಪಟ್ಟಿಗಳಲ್ಲಿ ಮತ್ತೆ ಮತ್ತೆ ಬರುವುದಕ್ಕೆ ಇದೇ ಕಾರಣ. ಹುಟ್ಟಿನ ಹೆಸರು ಕುಟುಂಬ ಕೊಟ್ಟದ್ದು. ದೀಕ್ಷೆಯ ಹೆಸರು ಸಂಘ ಕೊಟ್ಟದ್ದು. ಇವೆರಡನ್ನೂ ಒಂದೇ ಅಳತೆಗೋಲಿನಿಂದ ಅಳೆಯಲಾಗದು.

ಅಡ್ಡಹೆಸರುಗಳಿಗೂ ಈ ಎಚ್ಚರ ಅನ್ವಯಿಸುತ್ತದೆ. ಶಾಸನಗಳಲ್ಲಿ ಪೆರ್ಗಡೆ, ಗಾವುಂಡ, ಸೇನಬೋವ ಎಂಬವು ಅಧಿಕಾರಸೂಚಕ ಪದಗಳು. ಶ್ರೇಷ್ಠಿಯಿಂದ ಬಂದ ಸೆಟ್ಟಿ ವರ್ತಕ ಪ್ರಮುಖನನ್ನು ಹೇಳುವ ಪದ. ಹುದ್ದೆ ವಂಶಪಾರಂಪರ್ಯವಾದಂತೆ ಪದ ಮನೆತನಕ್ಕೆ ಅಂಟಿತು. ಹುದ್ದೆ ಅಳಿದ ಮೇಲೂ ಪದ ಉಳಿಯಿತು. ಪೆರ್ಗಡೆ ಹೆಗ್ಗಡೆ, ಹೆಗ್ಡೆಯಾಯಿತು, ಗಾವುಂಡ ಗೌಡನಾಯಿತು, ಸೇನಬೋವ ಶಾನುಭೋಗನಾಯಿತು. ಇಂದು ಹೆಗ್ಡೆ ಎಂಬ ಅಡ್ಡಹೆಸರು ಜೈನರಲ್ಲಿಯೂ ಬಂಟರಲ್ಲಿಯೂ ಹವ್ಯಕರಲ್ಲಿಯೂ ಇದೆ. ಶೆಟ್ಟಿ ಎಂಬುದೂ ಹಲವು ಸಮುದಾಯಗಳಿಗೆ ಸಮಾನ. ಉಪಾಧ್ಯಾಯದಿಂದ ಬಂದ ಉಪಾಧ್ಯೆ ಜೈನರಲ್ಲಿಯೂ ಬ್ರಾಹ್ಮಣರಲ್ಲಿಯೂ ಉಂಟು. ಹುದ್ದೆಗೆ ಮತವಿರಲಿಲ್ಲ, ಅದರಿಂದ ಹುಟ್ಟಿದ ಹೆಸರಿಗೂ ಇಲ್ಲ.

ಉಪಾಧ್ಯೆ ಎಂದೊಡನೆ ಸದಲಗದಲ್ಲಿ ಜನಿಸಿದ ವಿದ್ವಾಂಸ ಆ. ನೇ. ಉಪಾಧ್ಯೆಯವರ ವಿಚಾರವೊಂದು ನೆನಪಾಗುತ್ತದೆ. ಗೊಮ್ಮಟ ಎಂಬುದು ಚಾವುಂಡರಾಯನ ಮನೆಯ ಹೆಸರು. ಗೊಮ್ಮಟನ ಈಶ್ವರನಾದ್ದರಿಂದ ಬಾಹುಬಲಿ ಗೊಮ್ಮಟೇಶ್ವರನೆನಿಸಿದ ಎಂಬುದು ಅವರ ವಾದ. ಗೋವಿಂದ ಪೈಗಳು ಇದನ್ನು ಮನ್ಮಥ ಶಬ್ದದಿಂದ ಸಾಧಿಸಿದರು. ಉಪಾಧ್ಯೆಯವರ ಮಾತನ್ನು ಒಪ್ಪುವುದಾದರೆ, ಇಲ್ಲಿ ದೇವರ ಹೆಸರು ಭಕ್ತನಿಗೆ ಬಂದುದಲ್ಲ, ಭಕ್ತನ ಹೆಸರೇ ದೇವರಿಗೆ ಸಂದಿತು.

ಆದುದರಿಂದ ಶಾಸನದಲ್ಲಿ ಹೆಸರೊಂದು ಎದುರಾದಾಗ ಅದರ ಸುತ್ತಲಿನ ಮಾತುಗಳನ್ನು ಓದಬೇಕು. ಗುರು ಯಾರು, ದಾನ ಯಾವ ಬಸದಿಗೆ ಅಥವಾ ದೇಗುಲಕ್ಕೆ, ಮರಣ ಯಾವ ವಿಧಿಯಿಂದ, ತಂದೆತಾಯಿ ಯಾರು ಎಂಬ ವಿವರಗಳು ಧರ್ಮವನ್ನು ನಿರ್ಣಯಿಸಬಲ್ಲವು. ಇವು ದೊರೆಯದ ಕಡೆ ಪಟ್ಟಿಯ ಆ ಅಂಕಣವನ್ನು ಖಾಲಿ ಬಿಡುವುದೇ ಪ್ರಾಮಾಣಿಕವಾದ ಸಂಶೋಧನೆ.