ರಾಜಕೀಯ ಸಂಘರ್ಷದಿಂದ ನಿರಾಶ್ರಿತರಾದ ಮಕ್ಕಳ ಮಾನಸಿಕ ಆರೋಗ್ಯ: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ
1959ರಲ್ಲಿ ಟಿಬೆಟ್ಟಿನಿಂದ ವಲಸೆ ಬಂದ ನಿರಾಶ್ರಿತರಿಗೆ ಅಂದಿನ ಮೈಸೂರು ರಾಜ್ಯವು 1960ರಲ್ಲಿ ಬೈಲಕುಪ್ಪೆಯಲ್ಲಿಯೂ 1966ರಲ್ಲಿ ಮುಂಡಗೋಡಿನಲ್ಲಿಯೂ ನೆಲೆ ಒದಗಿಸಿತು. ಅನಂತರದ ದಶಕಗಳಲ್ಲಿ ಬೆಂಗಳೂರು ನಗರಕ್ಕೂ ಸಂಘರ್ಷಪೀಡಿತ ಪ್ರದೇಶಗಳ ಕುಟುಂಬಗಳು ಬಂದಿವೆ. ಭೂಮಿ, ವಸತಿಗಳ ನಷ್ಟವು ದಾಖಲೆಗೆ ಬರುತ್ತದೆ. ಮಗುವಿನ ಮನಸ್ಸಿಗಾದ ಆಘಾತವು ಅನೇಕ ವೇಳೆ ಗಮನಕ್ಕೆ ಬಾರದೆ ಉಳಿಯುತ್ತದೆ.

ಗಮನಿಸಬೇಕಾದ ಲಕ್ಷಣಗಳು
1. ಆರು ವರ್ಷದೊಳಗಿನವರು: ಪೋಷಕರನ್ನು ಬಿಟ್ಟಿರಲಾಗದಿರುವುದು, ನಿಂತಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರುಕಳಿಸುವುದು, ಮಾತು ಕಡಿಮೆಯಾಗುವುದು.
2. ಶಾಲಾ ವಯಸ್ಸಿನವರು: ದುಃಸ್ವಪ್ನ, ಕಾರಣವಿಲ್ಲದ ಹೊಟ್ಟೆನೋವು, ಪಾಠದಲ್ಲಿ ಏಕಾಗ್ರತೆಯ ಕೊರತೆ, ಕಂಡ ಹಿಂಸೆಯನ್ನೇ ಆಟದಲ್ಲಿ ಪುನರಾವರ್ತಿಸುವುದು.
3. ಹದಿಹರೆಯದವರು: ಸಿಡುಕು, ಒಂಟಿತನ, ತಾನು ಬದುಕುಳಿದುದಕ್ಕೆ ಅಪರಾಧಿ ಭಾವ.

ಸುರಕ್ಷಿತ ವಾತಾವರಣದಲ್ಲಿ ಹೆಚ್ಚಿನ ಮಕ್ಕಳು ಕ್ರಮೇಣ ಚೇತರಿಸಿಕೊಳ್ಳುತ್ತಾರೆ. ಲಕ್ಷಣಗಳು ಒಂದು ತಿಂಗಳಿಗೂ ಮೀರಿ ಮುಂದುವರಿದಲ್ಲಿ ತಜ್ಞರನ್ನು ಕಾಣತಕ್ಕದ್ದು. ಮಗುವು ಸಾಯುವ ಮಾತನಾಡಿದಲ್ಲಿ ತಡಮಾಡದೆ ನೆರವು ಪಡೆಯತಕ್ಕದ್ದು.

ಪೋಷಕರು ಮತ್ತು ಶಿಕ್ಷಕರು ಅನುಸರಿಸಬೇಕಾದ ಕ್ರಮ
ಊಟ, ನಿದ್ರೆ, ಶಾಲೆಗಳಿಗೆ ನಿಗದಿತ ವೇಳೆಯಿರಲಿ. ನಡೆದುದನ್ನು ವಿವರಿಸುವಂತೆ ಮಗುವನ್ನು ಒತ್ತಾಯಿಸಬಾರದು. ತಾನಾಗಿ ಹೇಳಿದಾಗ ತಾಳ್ಮೆಯಿಂದ ಕೇಳಬೇಕು. ಮನೆಯಲ್ಲಿ ಮಾತೃಭಾಷೆಯ ಬಳಕೆ ಮುಂದುವರಿಯಲಿ. ಆಸ್ಪತ್ರೆ, ಠಾಣೆಗಳಲ್ಲಿ ಹಿರಿಯರ ಸಂಕಟವನ್ನು ಭಾಷಾಂತರಿಸುವ ಹೊಣೆಯನ್ನು ಮಗುವಿಗೆ ವಹಿಸಬಾರದು.

ಕಾನೂನಿನ ರಕ್ಷಣೆ
ಭಾರತವು 1951ರ ನಿರಾಶ್ರಿತರ ಒಡಂಬಡಿಕೆಗೆ ಸಹಿ ಹಾಕಿಲ್ಲ. ಆದರೆ ನಿರಾಶ್ರಿತ ಮಕ್ಕಳ ರಕ್ಷಣೆಯನ್ನು ಒಳಗೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು 1992ರಲ್ಲಿ ಅಂಗೀಕರಿಸಿದೆ. ಬಾಲನ್ಯಾಯ ಕಾಯ್ದೆ, 2015ರ ಮೇರೆಗೆ ಸಶಸ್ತ್ರ ಸಂಘರ್ಷ ಅಥವಾ ನಾಗರಿಕ ಗಲಭೆಗೆ ತುತ್ತಾದ ಮಗುವು ಪಾಲನೆ ಮತ್ತು ರಕ್ಷಣೆಯ ಅಗತ್ಯವುಳ್ಳ ಮಗುವಾಗಿರುತ್ತದೆ. ಶಿಕ್ಷಣ ಹಕ್ಕು ಕಾಯ್ದೆ, 2009ರನ್ವಯ ವಯಸ್ಸಿನ ಪುರಾವೆ ಇಲ್ಲವೆಂಬ ಕಾರಣಕ್ಕೆ 6ರಿಂದ 14 ವರ್ಷದ ಮಗುವಿಗೆ ಶಾಲಾ ಪ್ರವೇಶ ನಿರಾಕರಿಸುವಂತಿಲ್ಲ. ನಿರಾಕರಿಸಿದಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಯವರಿಗೆ ಲಿಖಿತ ಮನವಿ ಸಲ್ಲಿಸಬಹುದು. ಮಗುವಿನ ಚೇತರಿಕೆಗೆ ಶಾಲೆಯೇ ಮೊದಲ ಆಸರೆಯಾದುದರಿಂದ ದಾಖಲೆಗಳಿಗಾಗಿ ಕಾಯುತ್ತ ಪ್ರವೇಶವನ್ನು ಮುಂದೂಡಬಾರದು.

ನೆರವು ದೊರೆಯುವ ಸ್ಥಳಗಳು
ಜಯನಗರ, ಜೆ.ಪಿ. ನಗರ, ಬನಶಂಕರಿ ಹಾಗೂ ಬಿ.ಟಿ.ಎಂ. ಬಡಾವಣೆಯ ನಿವಾಸಿಗಳು ಹೊಸೂರು ರಸ್ತೆಯ ನಿಮ್ಹಾನ್ಸ್ ಸಂಸ್ಥೆಯ ಮಕ್ಕಳ ಮನೋವೈದ್ಯಕೀಯ ವಿಭಾಗವನ್ನು ಸಂಪರ್ಕಿಸಬಹುದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ದಿನದ 24 ಗಂಟೆಯೂ ಉಚಿತ ಸಲಹೆ ಲಭ್ಯವಿದ್ದು, ಕನ್ನಡದಲ್ಲಿಯೂ ಮಾತನಾಡಬಹುದು. ಪೋಷಕರಿಲ್ಲದ ಅಥವಾ ಅಪಾಯದಲ್ಲಿರುವ ಮಗು ಕಂಡುಬಂದಲ್ಲಿ ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ ಕರೆ ಮಾಡಬಹುದು. ಅಂತಹ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಲಾಗುವುದು.

ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ, 2017ರ ಪ್ರಕಾರ ಧರ್ಮ, ಸಂಸ್ಕೃತಿ ಅಥವಾ ರಾಜಕೀಯ ನಂಬಿಕೆಯ ಆಧಾರದ ಮೇಲೆ ಚಿಕಿತ್ಸೆಯಲ್ಲಿ ತಾರತಮ್ಯ ಮಾಡುವಂತಿಲ್ಲ. ಚಿಕಿತ್ಸೆಯ ವಿವರಗಳನ್ನು ಗೌಪ್ಯವಾಗಿಡತಕ್ಕದ್ದು. ಆದುದರಿಂದ ಪೋಷಕರು ಸಂಕೋಚ ಅಥವಾ ಭಯವಿಲ್ಲದೆ ಈ ಸೇವೆಗಳನ್ನು ಪಡೆದುಕೊಳ್ಳಬೇಕೆಂದು ಕೋರಲಾಗಿದೆ.