ವಿಕಿರಣ: ಜನಬಳಕೆಯ ಚರಿತ್ರೆ, ದೆಹಲಿ

ಶಕ್ತಿಯು ಅಲೆಗಳಾಗಿಯೋ ಸೂಕ್ಷ್ಮಕಣಗಳಾಗಿಯೋ ಒಂದು ಮೂಲದಿಂದ ಹೊರಟು ಹರಡುವುದಕ್ಕೆ ಭೌತವಿಜ್ಞಾನದಲ್ಲಿ ವಿಕಿರಣವೆಂದು ಹೆಸರು. ಬಿಸಿಲು, ರೇಡಿಯೋ ಅಲೆ, ಎಕ್ಸ್-ಕಿರಣ, ಗಾಮಾ ಕಿರಣ ಎಲ್ಲವೂ ಇದರೊಳಗೇ ಬರುತ್ತವೆ. ಯಮುನೆಯ ಪೂರ್ವದಂಡೆಯ ಲಕ್ಷ್ಮೀ ನಗರದಂಥ ಇಕ್ಕಟ್ಟಿನ ಬಡಾವಣೆಯಲ್ಲಿ ಬಿಸಿಲನ್ನು ಯಾರೂ ರೇಡಿಯೇಷನ್ ಎನ್ನುವುದಿಲ್ಲ. ಅಲ್ಲಿ ಆ ಮಾತು ಮಾಳಿಗೆಯ ಮೇಲಿನ ಮೊಬೈಲ್ ಟವರಿಗೆ, ಇಲ್ಲವೆ ಕ್ಯಾನ್ಸರ್ ಚಿಕಿತ್ಸೆಗೆ ಮೀಸಲು. ಚಿಕಿತ್ಸೆಗೆ ಹಿಂದಿಯಲ್ಲಿ ‘ಸಿಕಾಯಿ’, ಅಂದರೆ ಶಾಖ ಕೊಡುವುದು, ಎಂಬ ಮಾತೂ ಇದೆ. ನಮ್ಮವರು ‘ಕರೆಂಟ್ ಕೊಡಿಸುವುದು’ ಎನ್ನುತ್ತಾರೆ. ಗೆಡ್ಡೆಯ ಕೋಶಗಳನ್ನು ಕೊಲ್ಲುವುದು ಶಾಖವೂ ಅಲ್ಲ, ಕರೆಂಟೂ ಅಲ್ಲ.

1895ರಲ್ಲಿ ರಾಂಟ್ಜೆನ್ ಎಕ್ಸ್-ಕಿರಣವನ್ನೂ ಮರುವರ್ಷ ಬೆಕೆರೆಲ್ ಯುರೇನಿಯಮ್ಮಿನ ವಿಕಿರಣವನ್ನೂ ಕಂಡರು. ಇವು ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತು ಅಯಾನು ಮಾಡಬಲ್ಲವು. ಟವರಿನ ಅಲೆಗಳಿಗೆ ಆ ಬಲವಿಲ್ಲ. ಆದರೂ ಜನರ ಆತಂಕ ದೊಡ್ಡದಿತ್ತು. 2012ರ ಸೆಪ್ಟೆಂಬರ್ 1ರಿಂದ ಕೇಂದ್ರ ಸರ್ಕಾರ ಟವರುಗಳ ಮಿತಿಯನ್ನು ಅಂತರರಾಷ್ಟ್ರೀಯ ಮಾರ್ಗಸೂಚಿಯ ಹತ್ತನೇ ಒಂದಕ್ಕೆ ಇಳಿಸಿತು.

ದೆಹಲಿಯಲ್ಲಿ ನಿಜವಾಗಿ ಪ್ರಾಣ ತೆಗೆದ ವಿಕಿರಣ ಬಂದದ್ದು ಗುಜರಿಯಲ್ಲಿ. ದೆಹಲಿ ವಿಶ್ವವಿದ್ಯಾಲಯದ ರಸಾಯನ ವಿಭಾಗದಲ್ಲಿ ವರ್ಷಗಟ್ಟಲೆ ಮೂಲೆಗೆ ಬಿದ್ದಿದ್ದ, ಕೆನಡಾ ನಿರ್ಮಿತ ಗಾಮಾ ಯಂತ್ರವನ್ನು 2010ರ ಫೆಬ್ರುವರಿಯಲ್ಲಿ ಹರಾಜು ಹಾಕಿದರು. ಅದು ನಗರದ ಪಶ್ಚಿಮದ ಮಾಯಾಪುರಿಯ ಗುಜರಿ ಮಾರುಕಟ್ಟೆ ಸೇರಿತು. ಅಲ್ಲಿ ಸೀಸದ ಕವಚ ಬಿಚ್ಚಿದಾಗ ಒಳಗಿನ ಕೋಬಾಲ್ಟ್-60 ಕಡ್ಡಿಗಳು ಹೊರಬಿದ್ದವು. 5.27 ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುವ ವಸ್ತುವಾದರೂ ಆ ಹೊತ್ತಿಗೂ ಅದರ ತೀವ್ರತೆ ಸಾಕಷ್ಟಿತ್ತು. ಒಬ್ಬ ವ್ಯಾಪಾರಿ ತುಣುಕೊಂದನ್ನು ಪರ್ಸಿನಲ್ಲೇ ಇಟ್ಟುಕೊಂಡಿದ್ದ! ಏಪ್ರಿಲ್‌ನಲ್ಲಿ ಚರ್ಮ ಕಪ್ಪಾಗಿ, ಕೂದಲುದುರಿ ಹಲವರು ಆಸ್ಪತ್ರೆ ಸೇರಿದರು. ಒಬ್ಬ ಕಾರ್ಮಿಕ ತೀರಿಕೊಂಡ. ಕಡ್ಡಿಗಳನ್ನು ಹುಡುಕಿ ನರೋರಾ ಅಣುಸ್ಥಾವರಕ್ಕೆ ಸಾಗಿಸಲಾಯಿತು. ಅಂತರರಾಷ್ಟ್ರೀಯ ಮಾಪಕದಲ್ಲಿ ಇದು 4ನೇ ಹಂತದ ಅಪಘಾತ.

ಪತ್ರಿಕೆಗಳು ಇದನ್ನು ‘ವಿಕಿರಣ ಸೋರಿಕೆ’ ಎಂದವು. ಅದಕ್ಕೆ ಕೆಲವೇ ತಿಂಗಳು ಮೊದಲು, 2009ರ ನವೆಂಬರಿನಲ್ಲಿ, ಉತ್ತರ ಕನ್ನಡದ ಕೈಗಾ ಅಣುಸ್ಥಾವರದ ಸುದ್ದಿಗೂ ಇದೇ ತಲೆಬರಹ ಅಂಟಿತ್ತು. ಎರಡೂ ಒಂದೇ ಬಗೆಯವಲ್ಲ. ಗಾಮಾ ಕಿರಣ ತಾಗಿದ ಮನುಷ್ಯ ತಾನೇ ವಿಕಿರಣ ಸೂಸುವುದಿಲ್ಲ, ಎಕ್ಸ್-ರೇ ತೆಗೆಸಿಕೊಂಡವನು ಸೂಸದಂತೆಯೇ. ಅವನ ಪಕ್ಕ ಕೂರಲು ಹೆದರಬೇಕಿಲ್ಲ. ಕೈಗಾದಲ್ಲಿ ಆದದ್ದು ಬೇರೆ: ಟ್ರಿಟಿಯಮ್ ಇದ್ದ ಭಾರಜಲವನ್ನು ಯಾರೋ ಕುಡಿಯುವ ನೀರಿನ ಕೂಲರಿಗೆ ಬೆರೆಸಿದ್ದರು. ಹೀಗೆ ವಿಕಿರಣಶೀಲ ವಸ್ತುವೇ ನೌಕರರ ಮೈಯೊಳಕ್ಕೆ ಹೋಯಿತು, ಮೂತ್ರ ಪರೀಕ್ಷೆಯಲ್ಲಿ ಪತ್ತೆಯೂ ಆಯಿತು. ಅದನ್ನು ಬೇಗ ಹೊರಹಾಕಲು ವೈದ್ಯರು ಮೂತ್ರ ಹೆಚ್ಚಿಸುವ ಚಿಕಿತ್ಸೆ ಕೊಟ್ಟರು.