ಗಂಡಸರಿಗೆ ಪ್ರವೇಶವಿಲ್ಲದ ಗ್ಯಾಲರಿ

ಆಟ ಆಡುವವರ ಚರಿತ್ರೆಯನ್ನು ಎಲ್ಲರೂ ಬರೆಯುತ್ತಾರೆ. ಬಿಸಿಲು ಚಳಿ ಎನ್ನದೆ ಹೋಗಿ ಕುಳಿತು, ಗಂಟಲು ಹರಿಯುವಂತೆ ಕೂಗಿ, ಸೋತರೆ ಊಟ ಸೇರದೆ ಮಲಗುವ ಪ್ರೇಕ್ಷಕರ ಚರಿತ್ರೆ ಯಾರಿಗೆ ಬೇಕು ಹೇಳಿ? ನನಗೆ ಬೇಕು. ಅದರಲ್ಲೂ ಅಮೆರಿಕದ ಕಾಲೇಜು ಹುಡುಗಿಯರ ಬ್ಯಾಸ್ಕೆಟ್‌ಬಾಲ್ ನೋಡಲು ಹೋದವರ ಕಥೆ ನಮ್ಮಂಥ ಹೆಂಗಸರು ಓದಲೇಬೇಕಾದದ್ದು.

ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದು 1891ರ ಡಿಸೆಂಬರಿನಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ. ಅಲ್ಲಿಗೆ ಹತ್ತಿರದಲ್ಲೇ ಹುಡುಗಿಯರ ಸ್ಮಿತ್ ಕಾಲೇಜು. ಅಲ್ಲಿ ವ್ಯಾಯಾಮ ಕಲಿಸುತ್ತಿದ್ದ ಸೆಂಡಾ ಬೆರೆನ್‌ಸನ್ ಎಂಬಾಕೆ ಈ ಆಟವನ್ನು ತನ್ನ ವಿದ್ಯಾರ್ಥಿನಿಯರಿಗೆ ಕಲಿಸಿದಳು. ಹುಡುಗಿಯರಿಗೆ ಆಯಾಸವಾಗಬಾರದು, ಒರಟುತನ ಬರಬಾರದು ಎಂದು ಅಂಗಳವನ್ನು ಮೂರು ಭಾಗ ಮಾಡಿ, ಯಾರೂ ತಮ್ಮ ಗೆರೆ ದಾಟಬಾರದೆಂದು ನಿಯಮ ಮಾಡಿದಳು. (ಗೆರೆ ದಾಟಬಾರದೆಂಬ ನಿಯಮ ನಮಗೇನು ಹೊಸತೆ!) 1893ರ ಮಾರ್ಚ್ 22ರಂದು ಅಲ್ಲಿನ ಎರಡು ತರಗತಿಗಳ ನಡುವೆ ಮೊದಲ ಪಂದ್ಯ ನಡೆಯಿತು. ಸಡಿಲವಾದ ಚಲ್ಲಣ ತೊಟ್ಟ ಹುಡುಗಿಯರನ್ನು ಗಂಡಸರು ನೋಡಬಾರದೆಂದು ಬಾಗಿಲು ಹಾಕಲಾಗಿತ್ತು. ಆದರೆ ಒಳಗಿನ ಗ್ಯಾಲರಿಯೋ, ತರಗತಿಗಳ ಬಣ್ಣ ತೊಟ್ಟು, ಹಾಡು ಹೇಳಿ, ಕೂಗಿ ಕುಣಿಯುತ್ತಿದ್ದ ಗೆಳತಿಯರಿಂದ ತುಂಬಿತ್ತು. ಅಭಿಮಾನವೆಂಬುದು ಹುಟ್ಟಿದ್ದು ಹೀಗೆ, ಮುಚ್ಚಿದ ಬಾಗಿಲ ಹಿಂದೆ.

ಮೂರು ವರ್ಷದ ಮೇಲೆ, 1896ರ ಏಪ್ರಿಲ್‌ನಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್‌ಲಿಯ ಹುಡುಗಿಯರು ಎದುರಾದರು. ಅಲ್ಲಿಯೂ ಗಂಡಸರಿಗೆ ಪ್ರವೇಶವಿಲ್ಲ. ಸುಮಾರು 700 ಹೆಂಗಸರು ಬಂದು ಕುಳಿತರು. ಸ್ಟ್ಯಾನ್‌ಫರ್ಡ್ ಗೆದ್ದದ್ದು 2-1ರಿಂದ. ಇಡೀ ಪಂದ್ಯಕ್ಕೆ ಮೂರೇ ಅಂಕ! ಆದರೂ ಅಷ್ಟೂ ಜನ ನೋಡಿದರಲ್ಲ, ಅದು ಅಭಿಮಾನ.

ಆಮೇಲೆ ಹಿರಿಯರಿಗೆ ಆತಂಕ ಶುರುವಾಯಿತು. 1920ರ ದಶಕದಲ್ಲಿ ಹೆಣ್ಣುಮಕ್ಕಳ ವ್ಯಾಯಾಮ ಶಿಕ್ಷಣದ ಮುಂದಾಳುಗಳೇ, ಅವರೂ ಹೆಂಗಸರೇ, ಟಿಕೆಟ್ ಇಟ್ಟು ಜನ ಸೇರಿಸುವ ಪಂದ್ಯಗಳು ಹುಡುಗಿಯರಿಗೆ ಸಲ್ಲವೆಂದರು. ಕಾಲೇಜು ಕಾಲೇಜುಗಳ ಪೈಪೋಟಿ ಬಹುಮಟ್ಟಿಗೆ ನಿಂತಿತು. ಆಟ ಉಳಿಯಿತು, ನೋಡುವವರು ಹೋದರು. ನೋಡುವವರಿಲ್ಲದ ಆಟಕ್ಕೆ ಹಣವೂ ಇಲ್ಲ, ಹೆಸರೂ ಇಲ್ಲ.

ಈ ಮೌನ ಮುರಿದವರಲ್ಲಿ ಕ್ರೈಸ್ತ ಸನ್ಯಾಸಿನಿಯರೂ ಇದ್ದರೆಂದರೆ ನಂಬುತ್ತೀರಾ? ಪೆನ್ಸಿಲ್ವೇನಿಯಾದ ಇಮ್ಯಾಕ್ಯುಲೇಟಾ ಎಂಬ ಪುಟ್ಟ ಮಹಿಳಾ ಕಾಲೇಜಿನ ತಂಡ 1972, 73, 74ರಲ್ಲಿ ಸತತವಾಗಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಮೊದಲ ವರ್ಷ ಕೈಯಲ್ಲಿ ಹಣವಿಲ್ಲದೆ ಎಂಟೇ ಹುಡುಗಿಯರನ್ನು ವಿಮಾನದಲ್ಲಿ ಕಳಿಸಿದ್ದರು. ಒಬ್ಬ ಆಟಗಾರ್ತಿಯ ತಂದೆಗೆ ಹಾರ್ಡ್‌ವೇರ್ ಅಂಗಡಿಯಿತ್ತು. ಆತ ತಂದ ಬಕೆಟ್ಟುಗಳನ್ನು ಗ್ಯಾಲರಿಯಲ್ಲಿ ಕುಳಿತವರು ಕೋಲಿನಿಂದ ಬಡಿದು ಸದ್ದೆಬ್ಬಿಸುತ್ತಿದ್ದರು. ಅವರ ನಡುವೆ ಉದ್ದ ನಿಲುವಂಗಿಯ ಸನ್ಯಾಸಿನಿಯರು! 1975ರ ಫೆಬ್ರವರಿಯಲ್ಲಿ ಈ ತಂಡ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಆಡಿದಾಗ ಸುಮಾರು 12,000 ಮಂದಿ ಬಂದಿದ್ದರು. ಅಷ್ಟರಲ್ಲಿ ಶಿಕ್ಷಣದಲ್ಲಿ ಲಿಂಗಭೇದ ಕೂಡದೆಂಬ 1972ರ ಕಾನೂನೂ ಬಂದಿತ್ತು.

ಆದರೆ ಕಾನೂನು ಅಂಗಳ ಕೊಡಬಹುದು, ಪ್ರೇಕ್ಷಕರನ್ನು ಕೊಡಲಾರದು. ಅವರು ಎಲ್ಲಿಂದ ಬರುತ್ತಾರೆ ಎಂಬುದಕ್ಕೆ ಜೋಳದ ಹೊಲಗಳ ಅಯೋವಾ ರಾಜ್ಯವೇ ಉತ್ತರ. ಅಲ್ಲಿನ ಹಳ್ಳಿ ಹೈಸ್ಕೂಲುಗಳಲ್ಲಿ ಹುಡುಗಿಯರ ಆಟ ಎಂದೂ ನಿಲ್ಲಲಿಲ್ಲ. ತಂಡಕ್ಕೆ ಆರು ಮಂದಿ, ನಡುಗೆರೆ ದಾಟುವಂತಿಲ್ಲ. ಬೆರೆನ್‌ಸನ್ ಎಳೆದ ಗೆರೆಯ ಮೊಮ್ಮಗಳು ಎನ್ನಿ. ಈ ಪದ್ಧತಿ ಅಲ್ಲಿ 1993ರವರೆಗೂ ಉಳಿದಿತ್ತು. ಅಜ್ಜಿ ಆಡಿದ್ದಳು, ಅಮ್ಮ ಆಡಿದ್ದಳು. ಹಾಗಾಗಿ ಮೊಮ್ಮಗಳ ಆಟಕ್ಕೆ ಊರಿಗೆ ಊರೇ ಬರುತ್ತಿತ್ತು. 1985ರ ಫೆಬ್ರವರಿ 3ರಂದು ಅಯೋವಾ ವಿಶ್ವವಿದ್ಯಾಲಯದ ಹುಡುಗಿಯರ ಪಂದ್ಯಕ್ಕೆ 22,157 ಜನ ಬಂದರು. ಆ ಒಳಾಂಗಣದಲ್ಲಿ ಕೂರಲು ಅಷ್ಟೊಂದು ಜಾಗವೇ ಇರಲಿಲ್ಲ. 2023ರ ಅಕ್ಟೋಬರಿನಲ್ಲಿ ಅದೇ ವಿಶ್ವವಿದ್ಯಾಲಯ ಫುಟ್‌ಬಾಲ್ ಮೈದಾನದಲ್ಲೇ ಬಯಲಲ್ಲಿ ಆಡಿದಾಗ 55,646 ಮಂದಿ! ಎಲ್ಲರೂ ಕೇಟ್ಲಿನ್ ಕ್ಲಾರ್ಕ್ ಎಂಬ ಆಟಗಾರ್ತಿಯ ಹೆಸರು ಹೇಳುತ್ತಾರೆ. ಆಕೆ ದೊಡ್ಡವಳೇ. ಆದರೆ ಆಕೆ ಹುಟ್ಟುವ ಎಷ್ಟೋ ವರ್ಷ ಮೊದಲೇ ಆ ಕುರ್ಚಿಗಳನ್ನು ಅಜ್ಜಿಯರು ಬೆಚ್ಚಗಿಟ್ಟಿದ್ದರು. 2024ರ ಏಪ್ರಿಲ್‌ನ ಅಂತಿಮ ಪಂದ್ಯದಲ್ಲಿ ಅಯೋವಾ ಸೌತ್ ಕ್ಯಾರೊಲಿನಾಕ್ಕೆ ಸೋತಿತು. ಅದನ್ನು ಟಿ.ವಿ.ಯಲ್ಲಿ ನೋಡಿದವರು ಸರಾಸರಿ 1 ಕೋಟಿ 89 ಲಕ್ಷ. ಆ ವರ್ಷದ ಹುಡುಗರ ಅಂತಿಮ ಪಂದ್ಯ ನೋಡಿದವರಿಗಿಂತ ಹೆಚ್ಚು.

ನಮ್ಮ ಶಾಲಾ ಮೈದಾನಗಳಲ್ಲಿ ಹುಡುಗರ ಕ್ರಿಕೆಟ್ಟಿಗೆ ಕಾಂಪೌಂಡಿನ ಮೇಲೆಲ್ಲ ಜನ. ಹುಡುಗಿಯರ ಥ್ರೋಬಾಲ್‌ಗೆ ಡ್ರಿಲ್ ಮೇಷ್ಟ್ರು ಮತ್ತು ನಾನು. ತಾಯಂದಿರು ಕಪ್ಪು ಗೆದ್ದ ಮೇಲೆ ಫೋಟೋ ನೋಡುತ್ತಾರೆ. ಅವರನ್ನೂ ದೂರಲಾರೆ, ಮೂರೂವರೆ ಗಂಟೆಗೆ ಹಾಲು ಕಾಯಿಸಬೇಕು, ಐದಕ್ಕೆ ನಲ್ಲಿಯಲ್ಲಿ ನೀರು ಬರುತ್ತದೆ. ಆದರೂ ಒಂದು ಸಂಜೆ ಹೋಗಿ ನೋಡಿ. ನಿಮಗೆ ನಿಯಮ ತಿಳಿಯದಿದ್ದರೂ ಪರವಾಗಿಲ್ಲ. ಚೆಂಡು ಹಿಡಿದ ಮಗಳು ಒಮ್ಮೆ ನಿಮ್ಮ ಕಡೆ ತಿರುಗುತ್ತಾಳೆ, ಆಗ ನೀವು ಅಲ್ಲಿರಬೇಕು, ಅಷ್ಟೆ. ಬಕೆಟ್ಟು ಹೇಗೂ ಮನೆಯಲ್ಲಿದೆ.